ಮೇಲಿನ ಮನೆಯವಳ ಎಡಗೈ

ನಮ್ಮ ಮನೆಯ ಮೇಲಿನ ಮಹಡಿಗೆ ತಾಯಿ ಮಗಳು ಇಬ್ಬರೇ ಬಾಡಿಗೆಗೆ ಬಂದರು. ಮಗಳಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ತಲಘಟ್ಟಪುರದಲ್ಲಿ ತಾತನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನಮ್ಮ ಹೊಲ ಲೇಔಟಾಗಿ ಹಂಚಿಹೋಗಿತ್ತು. ಉಳಿದ ಒಂದು ಸೈಟಿನಲ್ಲಿ ಅಪ್ಪ ಮನೆ ಕಟ್ಟಿಸಿ, ಕೆಳಗೆ ನಾವಿದ್ದುಕೊಂಡು ಮೇಲಿನದನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದರು. ಅವಳ ತಾಯಿ ಬಿಟಿಎಂ ಲೇಔಟಿನಲ್ಲಿ ಕೆಲಸಕ್ಕೆ ಹೋಗುವ ಹುಡುಗಿಯರಿದ್ದ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದರು. ಬೆಳಗಿನ ಮೊದಲ ಬಸ್ಸಿಗೇ ಹೊರಟರೆ ಅವರು ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಒಬ್ಬಳೇ ಇರಬೇಕಾದ ಮಗಳು ಸಂಜೆಯಾದರೆ ನಮ್ಮ ಮನೆಗೆ ಇಳಿದುಬರುತ್ತಿದ್ದಳು. ಅಮ್ಮನ ಜೊತೆ ಕೂತು ಸೊಪ್ಪು ಬಿಡಿಸುತ್ತಿದ್ದಳು, ಟಿವಿ ನೋಡುತ್ತಿದ್ದಳು. ಅಮ್ಮನಿಗೆ ಅವಳ ಮೇಲೆ ಅಕ್ಕರೆ. ಮನೆಯಲ್ಲಿ ಏನು ವಿಶೇಷ ಮಾಡಿದರೂ ಒಂದು ಬಟ್ಟಲು ಮೇಲಕ್ಕೆ ಹೋಗಲೇಬೇಕು.

ನಾನಾಗ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಗಂಡು ಹುಡುಕುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ನನಗಿದ್ದ ಕೆಲಸವೆಂದರೆ ಸಂಪಿನ ಮೋಟರ್ ಹಾಕುವುದು, ತಿಂಗಳಿಗೊಮ್ಮೆ ಬಾಡಿಗೆಯವರ ಕರೆಂಟ್ ಮೀಟರ್ ನೋಡಿ ಬರುವುದು. ಅಂಥ ದಿನಗಳಲ್ಲಿ ಒಂದು ಸಂಜೆ ಮೇಲಿನ ಮನೆಯವಳು ಒಂದು ಸುದ್ದಿ ತಂದಳು. ಜೆ.ಪಿ. ನಗರದಲ್ಲಿ ಫ್ಲೆಬಾಟಮಿ ಎಂಬ ಕೋರ್ಸ್ ಇದೆಯಂತೆ. ಲ್ಯಾಬ್‌ಗಳಲ್ಲಿ ಪರೀಕ್ಷೆಗೆ ರಕ್ತ ತೆಗೆಯುತ್ತಾರಲ್ಲ, ಆ ಕೆಲಸವನ್ನು ಕಲಿಸುತ್ತಾರಂತೆ.

"ಬರ್ತೀಯೇನೇ? ಒಬ್ಳೇ ಹೋಗಕ್ಕೆ ಒಂಥರಾ ಆಗುತ್ತೆ" ಎಂದಳು.

ಅಪ್ಪನಿಗೆ ಇಷ್ಟವಾಗಲಿಲ್ಲ. "ಊಟಕ್ಕೇನ್ ಕಮ್ಮಿ ಆಗಿದೆ ನಿಂಗೆ? ಕಂಡೋರ ಕೈ ಚುಚ್ಚೋ ಕೆಲಸ ಯಾಕೆ?" ಎಂದರು. ಆಗ ನನ್ನ ಪರ ಮಾತಾಡಿದ್ದು ಅಮ್ಮ. "ದಿನಾ ಫೋನ್ ನೋಡ್ಕೊಂಡ್ ಬಿದ್ದಿರೋ ಬದ್ಲು ಏನೋ ಒಂದು ಕಲೀಲಿ ಬಿಡಿ. ಜೊತೇಲಿ ಅವ್ಳು ಇರ್ತಾಳೆ" ಎಂದು ಎರಡು ದಿನ ಅಪ್ಪನ ಹಿಂದೆ ಬಿದ್ದು ಒಪ್ಪಿಸಿದಳು. ಅಮ್ಮನಿಗೆ ಅದು ಮದುವೆಯವರೆಗೆ ಹೊತ್ತು ಕಳೆಯುವ ದಾರಿಯಾಗಿತ್ತೆಂದು ಆಗ ನನಗೆ ಹೊಳೆಯಲಿಲ್ಲ. ನನ್ನಮ್ಮ ನನ್ನ ಜೊತೆಗಿದ್ದಾಳೆ ಎಂದೇ ನಂಬಿದೆ. ಆ ನಂಬಿಕೆಯಲ್ಲಿ ಬಹಳ ಹಗುರಾಗಿದ್ದೆ.

ಕೋರ್ಸಿನಲ್ಲಿ ಮೊದಮೊದಲು ರಬ್ಬರ್ ಕೈ ಕೊಟ್ಟರು. ಅದರೊಳಗೆ ಕೆಂಪು ನೀರು. ಎಲ್ಲಿ ಚುಚ್ಚಿದರೂ ಬರುತ್ತಿತ್ತು. ಆಮೇಲೆ ನಾವು ನಾವೇ ಒಬ್ಬರ ಕೈಯಿಂದ ಒಬ್ಬರು ತೆಗೆಯಬೇಕು. ಅಲ್ಲಿಂದ ಶುರುವಾಯಿತು ನಿಜವಾದ ಕಲಿಕೆ. ತೋಳಿಗೆ ಪಟ್ಟಿ ಬಿಗಿದು, ಮೊಣಕೈ ಮಡಚುವ ಕಡೆ ಬೆರಳ ತುದಿ ಇಟ್ಟು ಹುಡುಕಬೇಕು. ಕಣ್ಣಿಗೆ ಹಸಿರಾಗಿ ಕಂಡದ್ದೆಲ್ಲ ಉಪಯೋಗಕ್ಕೆ ಬರುವುದಿಲ್ಲ. ಒತ್ತಿದಾಗ ಹಗ್ಗದ ಹಾಗೆ ಗಟ್ಟಿಯಾಗಿದ್ದರೆ ಬಿಟ್ಟುಬಿಡಬೇಕು. ಮೆತ್ತಗೆ ಒಳಹೋಗಿ ಬೆರಳಿಗೆ ವಾಪಸ್ ಪುಟಿದರೆ ಅದೇ ನರ. ನನಗೆ ಆ ಪುಟಿತ ಬೇಗ ಗೊತ್ತಾಗತೊಡಗಿತು. ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ನಾನು ಯಾವುದರಲ್ಲೂ ಮುಂದಿದ್ದವಳಲ್ಲ. ಮೊದಲ ಸಲ ನನ್ನ ಬೆರಳಿಗೆ ಏನೋ ಒಂದು ತಿಳಿಯುತ್ತಿದೆ ಅನ್ನಿಸಿ, ರಾತ್ರಿ ಹಾಸಿಗೆಯಲ್ಲಿ ನನ್ನ ಕೈಯನ್ನೇ ನಾನು ಒತ್ತಿ ನೋಡಿಕೊಳ್ಳುತ್ತಿದ್ದೆ.

ಅವಳಿಗೆ ಅದು ಸುಲಭಕ್ಕೆ ಒಲಿಯಲಿಲ್ಲ. ಸೂಜಿ ಹಿಡಿದರೆ ಅಂಗೈ ಬೆವರುತ್ತಿತ್ತು. ಒಳಗೆ ಹಾಕಿದ ಮೇಲೆ ನರ ಸಿಗದೆ ಅತ್ತ ಇತ್ತ ಆಡಿಸುತ್ತಿದ್ದಳು. ಒಂದೆರಡು ಸಲ ಹಾಗಾದ ಮೇಲೆ ಕ್ಲಾಸಿನವರು ಅವಳಿಗೆ ಕೈ ಕೊಡುವುದನ್ನು ಬಿಟ್ಟರು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಉಪವಾಸ. ಕೊನೆಗೆ ನನ್ನ ಕೈಗಳೇ ಅವಳ ಪಾಲಿಗೆ ಉಳಿದವು. ನಾನು ಬೇಸರವಿಲ್ಲದೆ ಕೊಟ್ಟೆ. ಎರಡೂ ಮೊಣಕೈ ಮಡಿಕೆಗಳು ನೀಲಿಗಟ್ಟಿ, ಆಮೇಲೆ ಅರಿಸಿನ ಬಣ್ಣಕ್ಕೆ ತಿರುಗಿದವು. ಅಪ್ಪನ ಕಣ್ಣಿಗೆ ಬೀಳಬಾರದೆಂದು ಬೇಸಿಗೆಯಲ್ಲೂ ತುಂಬುತೋಳಿನ ಕುರ್ತಾ ಹಾಕಿಕೊಂಡು ಓಡಾಡಿದೆ. ಅವಳಿಗೆ ಕೈ ಕುದುರುವವರೆಗೂ ಹೀಗೇ ನಡೆಯಿತು.

ನಾನು ಕಲಿತದ್ದು ಅವಳ ಎಡಗೈಯಲ್ಲಿ. ಎಂಥ ಕೈ ಅದು! ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಓರೆಯಾಗಿ ಹೋಗುವ ದಪ್ಪ ನರ, ಪಟ್ಟಿ ಬಿಗಿಯುವ ಮೊದಲೇ ಬೆರಳಿಗೆ ಸಿಗುತ್ತಿತ್ತು. ನಾನು ಸೂಜಿ ಹಾಕುವಾಗ ಅವಳು ಮುಖವನ್ನೂ ತಿರುಗಿಸುತ್ತಿರಲಿಲ್ಲ. ಪಿಜಿ ಹುಡುಗಿಯರು ಅಡುಗೆಮನೆಯಲ್ಲಿ ಕದ್ದು ಮ್ಯಾಗಿ ಮಾಡಿಕೊಂಡ ಕತೆಗಳನ್ನು ಹೇಳುತ್ತ ಆರಾಮಾಗಿ ಕೂತಿರುತ್ತಿದ್ದಳು. ಟ್ಯೂಬ್ ತುಂಬಿದ ಮೇಲೆ, "ಆಯ್ತಾ? ಗೊತ್ತೇ ಆಗ್ಲಿಲ್ಲ ಕಣೆ" ಎನ್ನುತ್ತಿದ್ದಳು. ಅವಳ ಕೈ ಒಂದು ದಿನವೂ ಅಲುಗಿದ್ದನ್ನು ನಾನು ಕಂಡಿಲ್ಲ.

ಕೋರ್ಸ್ ಮುಗಿಯಿತು. ಒಂದು ಆಸ್ಪತ್ರೆಯಲ್ಲಿ ತರಬೇತಿಯೂ ಮುಗಿದು ಸರ್ಟಿಫಿಕೇಟ್ ಕೈಗೆ ಬಂತು. ಎಲ್ಲಿ ಕೆಲಸ ಖಾಲಿ ಇದೆಯೆಂದು ಯಾರಿಗೆ ಗೊತ್ತಾದರೂ ಇನ್ನೊಬ್ಬರಿಗೆ ಹೇಳಬೇಕೆಂದು ಮಾತಾಡಿಕೊಂಡಿದ್ದೆವು. ಜಯನಗರದ ನಾಲ್ಕನೇ ಬ್ಲಾಕ್ ಕಡೆ ಒಂದು ಲ್ಯಾಬ್‌ನವರು ಹೊಸಬರನ್ನೂ ತೆಗೆದುಕೊಳ್ಳುತ್ತಾರೆಂದು ನನಗೆ ತಿಳಿದಾಗ, ಫೋನ್ ಇಟ್ಟವಳೇ ಮೆಟ್ಟಿಲು ಹತ್ತಿ ಹೋಗಿ ಅವಳಿಗೆ ಹೇಳಿದೆ. ಇಬ್ಬರೂ ಅರ್ಜಿ ಹಾಕಿದೆವು. ಇಬ್ಬರನ್ನೂ ಒಂದೇ ದಿನ ಬರಹೇಳಿದರು.

ಹೋಗುವ ಹಿಂದಿನ ಸಂಜೆ ಅವಳು ನಮ್ಮ ಮನೆಯಲ್ಲೇ ಇದ್ದಳು. ನಾನು ರೂಮಿನಲ್ಲಿ ನಾಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಅಡುಗೆಮನೆಯಲ್ಲಿ ಅಮ್ಮ ಮತ್ತು ಅವಳು ಮೆಲ್ಲಗೆ ಮಾತಾಡುತ್ತಿದ್ದುದು ಕೇಳುತ್ತಿತ್ತು. ಮಾತು ಏನೆಂದು ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ. ಅವರಿಬ್ಬರೂ ಯಾವಾಗಲೂ ಮಾತಾಡುತ್ತಲೇ ಇರುತ್ತಿದ್ದರು.

ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮೆಟ್ರೊ ಹತ್ತಿದೆವು. ಅವಳು ಹೆಚ್ಚು ಮಾತಾಡಲಿಲ್ಲ. ತಿಂಡಿ ತಿಂದಿಲ್ಲವೆಂದಳು. ಜಯನಗರದಲ್ಲಿ ಇಳಿದು ಒಂದು ದರ್ಶಿನಿಯಲ್ಲಿ ಇಡ್ಲಿ ಕೊಡಿಸಿ, ಎರಡು ಲೋಟ ನೀರು ಕುಡಿಸಿದೆ. ಖಾಲಿ ಹೊಟ್ಟೆಯಲ್ಲಿ ಅವಳ ಕೈ ಬೆವರುವುದು ಜಾಸ್ತಿ ಎಂದು ನನಗೆ ಗೊತ್ತಿತ್ತು.

ಲ್ಯಾಬ್ ಇನ್‌ಚಾರ್ಜ್ ಆಗಿದ್ದವರು ನಡುವಯಸ್ಸಿನ ಹೆಂಗಸು. ಬಿಗಿಯಾಗಿ ಜಡೆ ಹಾಕಿ, ಬಿಳಿ ಕೋಟಿನ ತೋಳು ಮಡಚಿಕೊಂಡಿದ್ದರು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮೊದಲೇ ಹೇಳಿಬಿಟ್ಟರು: "ನೋಡಿ, ಇರೋದು ಒಂದೇ ಪೋಸ್ಟು. ಇಬ್ರನ್ನೂ ಯಾಕೆ ಕರೆದ್ರಿ ಅಂತ ಆಮೇಲೆ ಕೇಳ್ಬೇಡಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಸಣ್ಣಗೆ ನಕ್ಕಳು. ಯಾರಿಗೆ ಸಿಕ್ಕರೂ ಸರಿ ಎಂದು ಆ ನಗುವಿಗೆ ನಾನು ಅರ್ಥ ಮಾಡಿಕೊಂಡೆ.

ಪ್ರಶ್ನೆಗಳು ಕಷ್ಟವಿರಲಿಲ್ಲ. ಯಾವ ಪರೀಕ್ಷೆಗೆ ಯಾವ ಬಣ್ಣದ ಮುಚ್ಚಳದ ಟ್ಯೂಬ್, ಯಾವುದನ್ನು ಮೊದಲು ತುಂಬಬೇಕು, ರೋಗಿ ತಲೆಸುತ್ತಿ ಬಿದ್ದರೆ ಏನು ಮಾಡಬೇಕು. ನಾನು ತಡವರಿಸದೆ ಹೇಳಿದೆ. ಅವಳು ಒಂದೆರಡು ಕಡೆ ತಪ್ಪಿದಳು. ಮೇಡಂ ಕೇಳಿಸಿಕೊಂಡು, "ಈಗ ಕೈ ನೋಡೋಣ. ಸ್ಟಾಫ್ ಯಾರೂ ಫ್ರೀ ಇಲ್ಲ. ನೀವೇ ಒಬ್ಬರಿಗೊಬ್ಬರು ತೆಗೀರಿ" ಎಂದು ಎದ್ದರು.

ಮೊದಲು ಅವಳ ಸರದಿ. ಕುರ್ಚಿಯಲ್ಲಿ ಕೂತು ನಾನು ಬಲಗೈ ಚಾಚಿದೆ. ಅವಳಿಗೆ ಯಾವ ಓರೆಯಲ್ಲಿ ಹಿಡಿದರೆ ಸುಲಭವೆಂದು ನನಗೆ ಗೊತ್ತಿತ್ತಲ್ಲ, ಮೇಡಂ ಕಣ್ಣಿಗೆ ಬೀಳದ ಹಾಗೆ ಮೊಣಕೈಯನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ ಕೊಟ್ಟೆ. ಅವಳ ಉಸಿರು ಜೋರಾಗಿತ್ತು. "ನಿಧಾನ" ಎಂದು ತುಟಿಯಲ್ಲೇ ಅಂದೆ. ಒಂದೇ ಸಲಕ್ಕೆ ಸಿಕ್ಕಿತು. ಟ್ಯೂಬಿಗೆ ರಕ್ತ ಇಳಿಯುವುದನ್ನು ನೋಡಿ ಅವಳಿಗಿಂತ ನನಗೇ ಹೆಚ್ಚು ಸಂತೋಷವಾಗಿರಬೇಕು.

"ಚೆನ್ನಾಗಿದೆ" ಎಂದರು ಮೇಡಂ.

ಆಮೇಲೆ ಅವಳು ಕೂತಳು. ಎಡಗೈ ಚಾಚಿದಳು. ಪಟ್ಟಿ ಬಿಗಿದೆ. ನರ ಎಂದಿನಂತೆ ಬೆರಳಿಗೆ ಬಂತು. ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಲು ಬಿಟ್ಟು, ಸೂಜಿ ಹಾಕಿದೆ. ಸೂಜಿ ಒಳಗೆ ಹೋದದ್ದು, ನರದೊಳಗೆ ಸೇರಿದ ಆ ಸಣ್ಣ ಸಡಿಲ, ಎರಡೂ ನನಗೆ ತಿಳಿದವು. ಟ್ಯೂಬ್ ಸೇರಿಸಲು ಇನ್ನೊಂದು ಕೈ ಎತ್ತಿದೆ. ಅಷ್ಟರಲ್ಲಿ ಅವಳು ಕೈಯನ್ನು ಎಳೆದುಕೊಂಡಳು.

ಬೆಚ್ಚಿ ಅಲುಗಿಸಿದ್ದಲ್ಲ ಅದು. ಬೆಚ್ಚಿದವರ ಕೈ ಮೇಲಕ್ಕೆ ಹಾರುತ್ತದೆ. ಅವಳು ಮೊಣಕೈಯನ್ನು ಹಿಂದಕ್ಕೆ, ತನ್ನ ಹೊಟ್ಟೆಯ ಕಡೆಗೆ, ನೇರವಾಗಿ ಎಳೆದುಕೊಂಡಳು. ಸೂಜಿ ಆಚೆ ಬಂತು. ಪಟ್ಟಿ ಇನ್ನೂ ಬಿಗಿದೇ ಇದ್ದುದರಿಂದ ರಕ್ತ ಮುಂಗೈವರೆಗೂ ಹರಿದು ಕುರ್ಚಿಯ ಹಿಡಿಯ ಮೇಲೆ ತೊಟ್ಟಿಕ್ಕಿತು.

"ಸಾರಿ ಮೇಡಂ" ಎಂದಳು ಅವಳು. ನನ್ನ ಕಡೆ ನೋಡಲಿಲ್ಲ. "ತುಂಬಾ ನೋವಾಯ್ತು. ಇವ್ಳು ಯಾವಾಗ್ಲೂ ಸ್ವಲ್ಪ ಜೋರಾಗೇ ಹಾಕ್ತಾಳೆ."

ಪಟ್ಟಿ ಬಿಚ್ಚಿ, ಹತ್ತಿ ಇಟ್ಟು, ಅವಳ ಕೈಯನ್ನು ಒತ್ತಿ ಹಿಡಿದವಳು ನಾನೇ. ಕಲಿತ ಕೈ ತನ್ನ ಪಾಡಿಗೆ ಆ ಕೆಲಸ ಮಾಡಿತು.

ಮೇಡಂ ಸಮಾಧಾನದವರೇ. "ಇನ್ನೊಂದು ಕೈಗೆ ಹಾಕಿ ನೋಡಿ" ಎಂದರು.

"ಬೇಡ ಮೇಡಂ, ತಲೆ ಸುತ್ತೋ ಹಾಗಾಗ್ತಿದೆ" ಎಂದಳು ಅವಳು.

ಮೇಡಂ ಗಡಿಯಾರ ನೋಡಿ, ಹೊರಗೆ ಕಾಯುತ್ತಿದ್ದ ಜನರನ್ನು ನೋಡಿ, ನನ್ನ ಕಡೆ ತಿರುಗಿದರು. "ನೋಡಿಮ್ಮ, ಪೇಷಂಟ್ ಕೈ ಎಳ್ಕೊಳ್ಳೋದು ದಿನಾ ಇದ್ದಿದ್ದೇ. ಹಿಡ್ಕೊಬೇಕಾಗಿದ್ದು ನಿಮ್ಮ ಕೈ. ಅದು ಗೊತ್ತಿರಲಿ" ಎಂದರು. ಅವರ ಮಾತು ತಪ್ಪಲ್ಲ. ಅವಳ ಕೈಯನ್ನು ನಾನು ಹಿಡಿದೇ ಇರಲಿಲ್ಲ. ಹಿಡಿಯಬೇಕಾಗುತ್ತದೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ವಾಪಸ್ ಬರುವಾಗ ಮೆಟ್ರೊದಲ್ಲಿ ಅಕ್ಕಪಕ್ಕವೇ ಕೂತೆವು. ಬನಶಂಕರಿ ದಾಟಿತು. ಆಮೇಲೆ ಕೇಳಿದೆ.

"ಯಾಕೆ ಎಳ್ಕೊಂಡೆ?"

"ನೋವಾಯ್ತು ಕಣೆ."

"ಯಾವಾಗ್ಲೂ ಅಂದ್ಯಲ್ಲ."

ಅವಳು ಮಡಚಿದ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕಿಟಕಿಯಾಚೆ ನೋಡತೊಡಗಿದಳು. ಕೈ ಎಳೆದುಕೊಂಡದ್ದನ್ನು ಬೇಕಾದರೆ ಒಂದು ಗಳಿಗೆಯ ದಿಗಿಲು ಎಂದು ಬಿಟ್ಟುಬಿಡುತ್ತಿದ್ದೆನೇನೋ. ಆದರೆ ‘ಯಾವಾಗಲೂ’ ಎಂಬ ಆ ಪದ ದಿಗಿಲಿನಿಂದ ಬಂದದ್ದಲ್ಲ.

ಎರಡು ದಿನ ಬಿಟ್ಟು ಅವಳಿಗೆ ಕರೆ ಬಂತು. ಅಮ್ಮ ಕೇಸರಿಬಾತ್ ಮಾಡಿ ಬಟ್ಟಲು ತುಂಬಿಸಿ, ಮೇಲೆ ಕೊಟ್ಟು ಬಾ ಎಂದಳು. ನಾನು ಹೋಗುವುದಿಲ್ಲ ಎಂದೆ. ನಡೆದದ್ದನ್ನು ಹೇಳಿದೆ. ಅಮ್ಮ ಒಲೆಯ ಕಡೆ ತಿರುಗಿಕೊಂಡೇ ಕೇಳಿಸಿಕೊಂಡಳು.

"ನೋವಾಗಿರುತ್ತೆ ಮಗ. ಬೇಕು ಅಂತ ಯಾರಾದ್ರೂ ಹಂಗೆ ಮಾಡ್ತಾರಾ?"

"ಮಾಡಿದ್ಲಮ್ಮ."

"ಹೋಗ್ಲಿ ಬಿಡು. ಪಾಪ, ಅವ್ಳಿಗೆ ಬೇಕಿತ್ತು. ನಿಂಗೇನಾಗ್ಬೇಕಾಗಿದೆ ಆ ಕೆಲಸದಿಂದ?"

ಆ ಮಾತನ್ನು ಆಮೇಲೆ ಬಹಳ ಜನರ ಬಾಯಲ್ಲಿ ಕೇಳಿದೆ. ಅಪ್ಪ ಹೇಳಿದರು, ದೊಡ್ಡಮ್ಮ ಹೇಳಿದರು, ಎದುರು ಮನೆಯ ಆಂಟಿ ಹೇಳಿದರು. ಸ್ವಂತ ಮನೆ ಇರುವವಳಿಗೆ, ಮೇಲಿಂದ ಬಾಡಿಗೆ ಇಳಿದುಬರುವವಳಿಗೆ ಮೋಸವಾಗುವುದೆಂದರೇನು ಎಂಬಂತೆ ಎಲ್ಲರೂ ನಡೆದುಕೊಂಡರು. ಅವಳಿಗೆ ಕೆಲಸ ಬೇಕಿತ್ತು, ನಿಜ. ಅವಳ ತಾಯಿಯ ಕಾಲುಗಳು ನಿಂತು ನಿಂತು ಊದಿಕೊಳ್ಳುತ್ತಿದ್ದುದನ್ನು ನಾನೂ ನೋಡಿದ್ದೆ. ಒಂದೇ ಪೋಸ್ಟ್ ಎಂದು ತಿಳಿದಾಗ ನನ್ನ ಕೈ ಹಿಡಿದು, "ನೀನು ಬಿಟ್ಟುಕೊಡು" ಎಂದು ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ. ಅವಳು ಕೇಳಲಿಲ್ಲ ಎಂಬುದಷ್ಟೇ ಗೊತ್ತು.

ಮುಂದಿನ ವಾರ ಕಗ್ಗಲೀಪುರದ ಕಡೆಯಿಂದ ಗಂಡಿನವರು ನೋಡಲು ಬಂದರು. ಅಷ್ಟು ಬೇಗ ಹೇಗೆ ಗೊತ್ತುಮಾಡಿದರೆಂದು ನನಗೆ ಆಶ್ಚರ್ಯವಾಯಿತು. ನಾನು ರೇಷ್ಮೆ ಸೀರೆ ಉಟ್ಟು ಕಾಫಿ ಕೊಟ್ಟೆ. ಹುಡುಗನ ತಾಯಿ, "ಕೆಲಸಕ್ಕೇನೂ ಹೋಗಲ್ವಲ್ಲ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಇಲ್ಲ ಇಲ್ಲ, ಸುಮ್ನೆ ಒಂದು ಕೋರ್ಸ್ ಮಾಡಿದ್ಲು ಅಷ್ಟೆ" ಎಂದಳು. ಅವರು ಹೋದ ಮೇಲೆ ನನಗೆ ಬೇಡವೆಂದೆ. ಅಪ್ಪ ಸಿಟ್ಟಾದರು. ಜಾತಕ ಕೂಡುವುದಿಲ್ಲವೆಂದು ಅವರ ಕಡೆಯಿಂದಲೇ ಸುದ್ದಿ ಬಂದದ್ದರಿಂದ ಆ ವಿಷಯ ಅಲ್ಲಿಗೆ ನಿಂತಿತು.

ಮೇಲಿನ ಮನೆಯವಳು ಬೆಳಗಾಗುವ ಮೊದಲೇ ಮೆಟ್ಟಿಲಿಳಿದು ಕೆಲಸಕ್ಕೆ ಹೋಗುತ್ತಿದ್ದಳು. ಚಪ್ಪಲಿಯ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಒಂದೇ ಗೇಟು, ಒಂದೇ ಮೆಟ್ಟಿಲು, ಒಂದೇ ತಾರಸಿ. ಮಾತು ಬಿಟ್ಟರೂ ಮುಖ ತಪ್ಪಿಸಲು ಆಗುತ್ತಿರಲಿಲ್ಲ. ಅವಳೂ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದಳು. ಆದರೆ ಅಮ್ಮ ಮಾತ್ರ ಬಟ್ಟಲು ಕಳಿಸುವುದನ್ನು ನಿಲ್ಲಿಸಲಿಲ್ಲ.

ಅವರೆಕಾಯಿಯ ಕಾಲ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಅವಳು ಬಕೆಟ್ ಹಿಡಿದುಕೊಂಡು ಬಂದಳು. ನಾನು ಹೊರಡುವುದರಲ್ಲಿದ್ದಾಗ ಅವಳೇ ಮಾತು ತೆಗೆದಳು.

"ಎಷ್ಟು ದಿನ ಅಂತ ಹಿಂಗೇ ಇರ್ತೀಯಾ?"

"ನೀನು ಯಾಕೆ ಹಂಗೆ ಮಾಡ್ದೆ ಅಂತ ಹೇಳು. ಆಮೇಲೆ ನೋಡೋಣ."

ಬಕೆಟ್ ಕೆಳಗಿಟ್ಟಳು. "ನಂಗೆ ಬೇಕಿತ್ತು" ಎಂದಳು. ಒಂದು ಬಟ್ಟೆ ಎತ್ತಿ ಹಿಂಡುತ್ತ, "ಆಂಟಿನೂ ಹೇಳಿದ್ರು" ಎಂದಳು.

"ಯಾವ ಆಂಟಿ?"

"ನಿಮ್ಮಮ್ಮ." ಅವಳ ದನಿ ಇಳಿದಿತ್ತು. "ಹಿಂದಿನ ದಿನ ಅಡುಗೆಮನೇಲಿ. ಒಳ್ಳೆ ಸಂಬಂಧ ಬಂದಿದೆ, ಕೆಲಸಕ್ಕೆ ಹೋಗೋ ಹುಡುಗಿ ಬೇಡ ಅಂತಾರೆ, ಈ ಕೆಲಸ ಏನಾದ್ರೂ ಸಿಕ್ಕಿಬಿಟ್ರೆ ಇವ್ಳು ಮದ್ವೆಗೆ ಒಪ್ಪಲ್ಲ, ಹೆಂಗಾದ್ರೂ ಮಾಡಿ ನೀನೇ ತಗೋಮ್ಮ ಅಂದ್ರು. ಕೈ ಮುಗಿದ್ರು ಕಣೆ. ನಂಗೆ ಏನು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ."

"ಕೈ ಎಳ್ಕೊ ಅಂತ ಹೇಳಿದ್ರಾ?"

"ಅದು ಹೇಳ್ಲಿಲ್ಲ."

"ಜೋರಾಗಿ ಹಾಕ್ತಾಳೆ ಅಂತ ಹೇಳು ಅಂದ್ರಾ?"

ಅವಳು ತಲೆ ತಗ್ಗಿಸಿದಳು. ತಂತಿಯ ಮೇಲಿದ್ದ ಉಳಿದ ಬಟ್ಟೆಗಳನ್ನು ಅಲ್ಲಿಯೇ ಬಿಟ್ಟು ನಾನು ಕೆಳಗೆ ಬಂದೆ.

ಅಮ್ಮ ನಡುಮನೆಯಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿಸುಕಿ ಬೇಳೆ ತೆಗೆಯುತ್ತಿದ್ದಳು. ಎದುರಿಗೆ ಕೂತೆ. ಮೇಲಿನ ಮನೆಯವಳು ಹೇಳಿದ್ದನ್ನು ಹಾಗೆಯೇ ಹೇಳಿದೆ. ಸುಳ್ಳು ಎಂದು ಬಿಡಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಅಮ್ಮನ ಬೆರಳುಗಳು ಒಂದು ಕ್ಷಣ ನಿಂತು ಮತ್ತೆ ಶುರುವಾದವು.

"ನಾನೇನ್ ಹಂಗೆ ಮಾಡು ಅಂದ್ನಾ? ಅವ್ಳಿಗೆ ಸಿಕ್ಲಿ ಅಂದೆ ಅಷ್ಟೆ."

"ನಂಗೆ ಸಿಗೋದು ಬೇಡ ಅಂದ್ಯಲ್ಲಮ್ಮ."

"ಎರಡೂ ಒಂದೇ ಅಲ್ವಾ? ಇದ್ದಿದ್ದೇ ಒಂದು."

"ಒಂದೇ ಅಲ್ಲ. ಒಂದೇ ಪೋಸ್ಟ್ ಅಂತ ನಿಂಗೆ ಹಿಂದಿನ ದಿನ ಹೆಂಗೆ ಗೊತ್ತಿತ್ತು? ನಮಗೇ ಗೊತ್ತಿರ್ಲಿಲ್ಲ. ಎರಡಿದ್ದಿದ್ರೂ ನಂಗೆ ಸಿಗೋದು ಬೇಡ ಅಂತಾನೇ ಅಂದಿರ್ತಿದ್ದೆ."

ಅಮ್ಮ ಕಾಳು ಹಿಸುಕುತ್ತಲೇ ಇದ್ದಳು. ಹಿಸುಕಿದ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳುತ್ತಿತ್ತು.

"ನೀನೇ ಅಲ್ವಾ ನನ್ನ ಕಳಿಸಿದ್ದು?" ಎಂದೆ. "ಅಪ್ಪನ ಹತ್ರ ಜಗಳ ಆಡಿ ಕಳಿಸಿದ್ದು ನೀನು."

"ಕಲೀಲಿ ಅಂತ ಕಳಿಸ್ದೆ. ಬೆಳಗೆದ್ದು ಕಂಡೋರ ಮನೆಗೆಲ್ಲ ಹೋಗಿ ಗಂಡಸ್ರ ಕೈ ಹಿಡ್ಕೋಬೇಕು ಅಂತ ನಂಗೇನ್ ಗೊತ್ತಿತ್ತು?" ಈಗ ಅಮ್ಮನ ದನಿ ಏರಿತು. "ನಾಳೆ ನಿಂಗೆ ಗಂಡು ಸಿಗ್ಲಿಲ್ಲ ಅಂದ್ರೆ ಜನ ಕೇಳೋದು ನನ್ನ, ನಿನ್ನಲ್ಲ."

ನಾನು ಎದ್ದು ರೂಮಿಗೆ ಹೋದೆ. ಅಳು ಬರಲಿಲ್ಲ. ಗೆಳತಿಯ ಮೇಲೆ ಇಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟಿಗೆ ಒಂದು ನೆಲೆಯಿತ್ತು. ಈಗ ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಹೊರಗಿನವರು ಮಾಡಿದ್ದಾದರೆ ಮನೆಗೆ ಬಂದು ಹೇಳಿಕೊಳ್ಳಬಹುದು. ಹೇಳಿಕೊಂಡಿದ್ದೆ ಕೂಡ. ಕೇಸರಿಬಾತ್ ಮಾಡುತ್ತಿದ್ದವಳ ಬೆನ್ನಿಗೆ ಎಲ್ಲವನ್ನೂ ಹೇಳಿಕೊಂಡಿದ್ದೆ. "ಬೇಕು ಅಂತ ಯಾರಾದ್ರೂ ಹಂಗೆ ಮಾಡ್ತಾರಾ" ಎಂದು ನನ್ನನ್ನೇ ಕೇಳಿದ್ದಳು.

ಮಾರನೆಯ ದಿನದಿಂದ ಫೈಲ್ ಹಿಡಿದು ಹೊರಟೆ. ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಲಿಲ್ಲ. ಜಯನಗರ ಬಿಟ್ಟು ಉಳಿದ ಕಡೆಗಳಿಗೆಲ್ಲ ಹೋದೆ. ಜೆ.ಪಿ. ನಗರದ ಲ್ಯಾಬ್‌ಗಳಲ್ಲಿ ಅನುಭವ ಇದೆಯೇ ಎಂದು ಕೇಳಿದರು. ಮಡಿವಾಳದ ಒಂದು ನರ್ಸಿಂಗ್ ಹೋಮಿನವರು ಸಂಬಳವಿಲ್ಲದೆ ಆರು ತಿಂಗಳು ಕಲಿಯುತ್ತೀರಾ ಎಂದರು. ಇನ್ನೊಂದು ಕಡೆ, ಗಾಡಿ ಓಡಿಸಲು ಬರುತ್ತದೆಯೇ, ಮನೆಮನೆಗೆ ಹೋಗಬೇಕು ಎಂದರು. ಸ್ಕೂಟರ್ ಬರುತ್ತಿರಲಿಲ್ಲ. ಸಿಲ್ಕ್ ಬೋರ್ಡ್ ಹತ್ತಿರದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಇದ್ದಾಗ, ಇಳಿದು ನಡೆದೇ ಹೋಗಿಬಿಡೋಣವೆಂದು ಎಷ್ಟೋ ಸಲ ಅನ್ನಿಸಿತು. ಎಲ್ಲಿಗೆ ನಡೆಯುವುದು ಎಂಬುದು ಗೊತ್ತಿಲ್ಲದೆ ಕೂತೇ ಇರುತ್ತಿದ್ದೆ.

ಕೆಲಸ ಸಿಕ್ಕಿದ್ದು ಬನಶಂಕರಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯ ಒಂದು ಸಣ್ಣ ಲ್ಯಾಬ್‌ನಲ್ಲಿ. ಅದನ್ನು ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಡಾಕ್ಟರು. ಹಿಂದೆ ಇದ್ದ ಹುಡುಗಿ ಬಾಣಂತನಕ್ಕೆ ಹೋಗಿದ್ದಳು. ನನ್ನ ಸರ್ಟಿಫಿಕೇಟನ್ನು ಅವರು ಸರಿಯಾಗಿ ನೋಡಲೂ ಇಲ್ಲ. ಶರ್ಟಿನ ತೋಳು ಮಡಚಿ ತಮ್ಮ ಕೈಯನ್ನೇ ಮೇಜಿನ ಮೇಲಿಟ್ಟರು.

"ತೆಗೀಮ್ಮ. ಹೆಂಗಿದ್ರೂ ನನ್ನ ಶುಗರ್ ನೋಡ್ಬೇಕು."

ಈ ಸಲ ನಾನು ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತೀರಾ ಗಟ್ಟಿಯಾಯಿತೇನೋ. "ಓಡಿ ಹೋಗಲ್ಲಮ್ಮ ನಾನು" ಎಂದು ನಕ್ಕರು. ರಕ್ತ ಬಂತು. ಅವರು ಹತ್ತಿ ಒತ್ತಿಕೊಳ್ಳುತ್ತ, "ನಾಳೆ ಬೆಳಿಗ್ಗೆ ಬಾ. ಲೇಟ್ ಮಾಡ್ಬೇಡ, ಫಾಸ್ಟಿಂಗ್‌ನವರು ಹಸ್ಕೊಂಡ್ ಕೂತಿರ್ತಾರೆ" ಎಂದರು. ಅಷ್ಟಕ್ಕೇ ಮುಗಿಯಿತು. ಇಷ್ಟು ದಿನ ಕಾದು ಸಿಕ್ಕಿದ ಕೆಲಸಕ್ಕೆ ಕುಣಿಯಬೇಕಾಗಿತ್ತು. ಮನೆಗೆ ಬಂದು ಯಾರಿಗೆ ಹೇಳುವುದೆಂದು ತಿಳಿಯದೆ, ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಮ್ಮ ಬಡಿಸುತ್ತಿದ್ದಳು. ಅಪ್ಪ, "ಎಲ್ಲಿ? ಬನಶಂಕರೀಲಾ? ಹತ್ರಾನೇ ಬಿಡು" ಎಂದರು. ಎಂದೂ ಒಪ್ಪುವುದಿಲ್ಲವೆಂದು ನಾವೆಲ್ಲ ಹೆದರಿದ್ದ ಮನುಷ್ಯ ಅಷ್ಟೇ ಹೇಳಿ ಸಾರು ಕೇಳಿದರು.

ಕೆಲಸ ಸಿಕ್ಕಿದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಮೊದಲ ದಿನದಿಂದಲೇ, ಯಾರ ಕೈಗೆ ಸೂಜಿ ಹಾಕಿದರೂ "ನೋವಾಯ್ತಾ?" ಎಂದು ಕೇಳುವುದು ಅಭ್ಯಾಸವಾಯಿತು. ಇಲ್ಲ ಎಂದರೆ ನಂಬಿಕೆ ಬರುತ್ತಿರಲಿಲ್ಲ. ಮುಖ ಕಿವುಚಿದರೆ ಅವಳ ಮಾತೇ ನೆನಪಾಗುತ್ತಿತ್ತು. ಅವಳು ಹೇಳಿದ್ದು ಸುಳ್ಳೆಂದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವಳಿಗೆ ಮತ್ತು ನನಗೆ. ದಿನ ಕಳೆದಂತೆ ನನಗೇ ಅನುಮಾನ ಬರತೊಡಗಿತು. ನಿಜವಾಗಿಯೂ ನನ್ನ ಕೈ ಜೋರೇ? ಇಷ್ಟು ದಿನ ಸ್ನೇಹಕ್ಕೆ ಸಹಿಸಿಕೊಂಡಿದ್ದಳೇ? ಸೂಜಿಯನ್ನು ಹಗುರವಾಗಿ ಹಾಕಲು ಹೋಗಿ, ಎಂದೂ ತಪ್ಪದ ನರ ತಪ್ಪತೊಡಗಿತು. ಇಬ್ಬರಿಗೆ ಎರಡೆರಡು ಸಲ ಚುಚ್ಚಬೇಕಾಯಿತು. ಡಾಕ್ಟರು ಏನೂ ಅನ್ನಲಿಲ್ಲ. ನನಗೇ ಕಣ್ಣು ತುಂಬಿ ಬಂದು, ಹಿಂದಿನ ಕೋಣೆಗೆ ಹೋಗಿ ನಿಂತೆ.

ಬನಶಂಕರಿ ಎರಡನೇ ಸ್ಟೇಜಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ಅಜ್ಜಿ ಇದ್ದರು. ಅವರ ಕೈ ಬರೀ ಎಲುಬು ಚರ್ಮ. ನರಗಳು ಬೆರಳಿನಡಿ ಜಾರುತ್ತಿದ್ದವು. ನಾನು ಹಾಕುವ ಮೊದಲು ಒಂದು ಸಲ, ಹಾಕಿದಾಗ ಒಂದು ಸಲ, ತೆಗೆದ ಮೇಲೆ ಒಂದು ಸಲ ಕೇಳಿದೆ.

ಅಜ್ಜಿ ರೇಗಿದರು. "ಎಷ್ಟ್ ಸಲ ಕೇಳ್ತೀಯೇ ತಾಯಿ? ನೋವಾದ್ರೆ ನಂಗೆ ಬಾಯಿಲ್ವಾ? ನಿನ್ನ ಕೆಲಸ ನೀನು ಮಾಡು."

ಸುತ್ತ ಕೂತಿದ್ದವರು ನಕ್ಕರು. ನನಗೂ ನಗು ಬಂತು. ಅಂದಿನಿಂದ ಕೇಳುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಕಡಿಮೆ ಮಾಡಿದೆ. ಕೈ ನಿಧಾನಕ್ಕೆ ತನ್ನ ಹದಕ್ಕೆ ಮರಳಿತು.

ಯುಗಾದಿ ಕಳೆದ ಮೇಲೆ ಮೇಲಿನ ಮನೆಯವರು ಖಾಲಿ ಮಾಡಿದರು. ತಾಯಿಯ ಕೆಲಸಕ್ಕೂ ಮಗಳ ಕೆಲಸಕ್ಕೂ ಹತ್ತಿರವಾಗುತ್ತದೆಂದು ಬಿಟಿಎಂ ಕಡೆಗೇ ಮನೆ ಮಾಡಿದ್ದರು. ಕೊನೆಯ ಸಲ ಮೀಟರ್ ನೋಡಲು ನಾನೇ ಹತ್ತಿದೆ. ಸಾಮಾನೆಲ್ಲ ಟೆಂಪೊಗೆ ಹೋಗಿತ್ತು. ಅವಳೊಬ್ಬಳೇ ಗುಡಿಸುತ್ತಿದ್ದಳು.

"ನೀನು ಚೆನ್ನಾಗಿ ಮಾಡ್ತಿದೀಯಂತೆ" ಎಂದಳು. "ನಿಂಗೆ ಹೆಂಗಿದ್ರೂ ಎಲ್ಲಾದ್ರೂ ಸಿಗ್ತಿತ್ತು. ನಂಗೆ ಅದು ಬಿಟ್ರೆ ಸಿಗ್ತಿರ್ಲಿಲ್ಲ."

"ಇರಬಹುದು."

"ಅವತ್ತು ನಿಂಗೆ ತಪ್ಪಾಗಿರ್ಲಿಲ್ಲ. ನೋವೇ ಆಗಿರ್ಲಿಲ್ಲ ನಂಗೆ."

ಆ ಮಾತಿಗಾಗಿ ಎಷ್ಟು ತಿಂಗಳು ಕಾದಿದ್ದೆನೋ. ಬಂದಾಗ ಅದರಿಂದ ಏನೂ ಆಗಲಿಲ್ಲ. ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದವರ ಮುಂದೆ ಹೇಳಲಿಲ್ಲವಲ್ಲ. ಖಾಲಿ ಕೋಣೆಯಲ್ಲಿ ನನಗೊಬ್ಬಳಿಗೇ, ನನಗೆ ಗೊತ್ತಿದ್ದದ್ದನ್ನೇ ಹೇಳಿದಳು. "ಸರಿ" ಎಂದು ಬೀಗದ ಕೈ ಇಸಿದುಕೊಂಡೆ. ಕೆಳಗೆ ಅಮ್ಮ ಅವಳಿಗೂ ಅವಳ ತಾಯಿಗೂ ಅರಿಸಿನ ಕುಂಕುಮ ಕೊಟ್ಟು, ಗೇಟಿನವರೆಗೂ ಹೋಗಿ ಕಳಿಸಿದಳು. ನಾನು ಹೋಗಲಿಲ್ಲ. ಆಮೇಲೆ ಅವಳನ್ನು ನೋಡಿಲ್ಲ.

ಅಮ್ಮ ಮತ್ತು ನಾನು ಮಾತಾಡುತ್ತೇವೆ. ಒಂದೇ ಮನೆಯಲ್ಲಿದ್ದು ಮಾತಾಡದೆ ಇರಲು ಆಗುವುದಿಲ್ಲ. ಹಾಲು ಬಂತೇ, ಗ್ಯಾಸ್ ಬುಕ್ ಮಾಡಿದೆಯಾ, ಬೆಳಿಗ್ಗೆ ಎಷ್ಟೊತ್ತಿಗೆ ಹೊರಡುತ್ತೀ. ಅವರೆಕಾಳಿನ ಆ ಮಧ್ಯಾಹ್ನದ ಮಾತನ್ನು ಇಬ್ಬರೂ ಮತ್ತೆ ತೆಗೆದಿಲ್ಲ. ಆದರೆ ಮನಸ್ಸಿನಲ್ಲಿ ಏನಾದರೂ ಬಂದರೆ ಮೊದಲು ಅಮ್ಮನಿಗೆ ಹೇಳಬೇಕೆನ್ನಿಸುತ್ತಿದ್ದ ಅಭ್ಯಾಸ ಹೊರಟುಹೋಗಿದೆ. ಅದು ಯಾವತ್ತು ಹೋಯಿತೆಂದು ಅಮ್ಮನಿಗೆ ಗೊತ್ತಾಗಿದೆಯೋ ಇಲ್ಲವೋ ಕೇಳಿಲ್ಲ.

ಇತ್ತೀಚೆಗೆ ಕನಕಪುರ ರಸ್ತೆಯ ಒಂದು ಛತ್ರದಲ್ಲಿ ದೊಡ್ಡಮ್ಮನ ಮಗನ ಮದುವೆ. ಊಟದ ಸಾಲಿನಲ್ಲಿ ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಎದುರಿಗಿದ್ದ, ದೂರದ ನೆಂಟಸ್ತಿಕೆಯಲ್ಲಿ ಅತ್ತೆಯಾಗುವವರೊಬ್ಬರು ನನ್ನನ್ನು ನೋಡಿ, "ಮಗಳು ಈಗೇನ್ ಮಾಡ್ತಾಳೆ?" ಎಂದು ಕೇಳಿದರು.

"ಲ್ಯಾಬಲ್ಲಿ ಕೆಲಸ" ಎಂದಳು ಅಮ್ಮ. ಅವಳ ಮುಖ ಅರಳಿತ್ತು. "ಎಂಥಾ ವಯಸ್ಸಾದೋರಾಗ್ಲಿ, ಒಂದೇ ಸಲಕ್ಕೆ ರಕ್ತ ತೆಗೀತಾಳೆ. ಆ ಡಾಕ್ಟ್ರು ಇವ್ಳನ್ನ ಬಿಡೋದೇ ಇಲ್ಲ."

"ಯಾರ್ ಕೊಡಿಸಿದ್ರು ಕೆಲಸಾನ?"

"ಯಾರೂ ಇಲ್ಲ, ಅವ್ಳೇ ಹುಡುಕ್ಕೊಂಡ್ಳು. ಇವ್ರಪ್ಪ ಬೇಡ ಅಂತಿದ್ರು. ನಾನೇ ಹಟ ಮಾಡಿ ಓದಿಸ್ದೆ."

ಎರಡೂ ನಿಜವೇ. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅತ್ತೆ ನನ್ನ ಕಡೆ ನೋಡಿ ಮೆಚ್ಚುಗೆಯಿಂದ ತಲೆ ಆಡಿಸಿದರು. ಬಡಿಸುವವರು ಹೋಳಿಗೆ ತಂದರು. ಅಮ್ಮ ನನ್ನ ಎಲೆ ತೋರಿಸಿ, "ಇವ್ಳಿಗೆ ಇನ್ನೊಂದು ಹಾಕಪ್ಪ" ಎಂದಳು. ನಾನು ಬೇಡವೆನ್ನಲಿಲ್ಲ.